ಚೆನ್ನಾಗಿರುವಾಗಲೇ ಬೇಕಾಗುವ ಔಷಧಿ

ಒಂದು ಕಣ್ಣು ಮಂಜಾಗುತ್ತದೆ. ಕೆಂಪು ಬಣ್ಣ ಆ ಕಣ್ಣಿಗೆ ಮಾತ್ರ ಒಗೆದೊಗೆದು ಮಾಸಿದ ಬಟ್ಟೆಯಂತೆ ಕಾಣುತ್ತದೆ. ಕೆಲವು ವಾರಗಳಲ್ಲಿ ದೃಷ್ಟಿ ಬಹುಪಾಲು ಮರಳುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಷ್ಟೋ ಜನರಲ್ಲಿ ಶುರುವಾಗುವುದೇ ಹೀಗೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳ ನರತಂತುಗಳ ಮೇಲಿನ ಮಯಲಿನ್ ಪೊರೆಯನ್ನು ಹಾಳುಮಾಡುವ ಕಾಯಿಲೆ ಇದು. ಔಷಧಿ ಬೇಕೋ ಬೇಡವೋ ಎಂದು ತೀರ್ಮಾನಿಸುವ ಹೊತ್ತಿಗೆ ರೋಗಿ ಎಂದಿನಂತೆ ಓಡಾಡಿಕೊಂಡಿರುತ್ತಾರೆ. ‘ಈಗ ಚೆನ್ನಾಗೇ ಇದ್ದೀನಲ್ಲ, ಮತ್ತೆ ಬಂದರೆ ನೋಡೋಣ’ ಅನ್ನಿಸುವುದು ಸಹಜ. ಆದರೆ ಈ ಕಾಯಿಲೆಯಲ್ಲಿ ಆ ಅನಿಸಿಕೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಏನೂ ತೊಂದರೆಯಿಲ್ಲದ ತಿಂಗಳುಗಳಲ್ಲೂ ಎಂಆರ್‌ಐ ಚಿತ್ರದಲ್ಲಿ ಹೊಸ ಬಿಳಿ ಮಚ್ಚೆಗಳು ಮೂಡುತ್ತವೆ. ರೋಗಿಗೆ ಗೊತ್ತಾಗುವ ಮರುಕಳಿಕೆಗಳಿಗಿಂತ ಅವುಗಳ ಸಂಖ್ಯೆಯೇ ಹೆಚ್ಚು. ಮಿದುಳು ಬಳಸುದಾರಿ ಹುಡುಕಿಕೊಂಡು ಸಂಭಾಳಿಸುತ್ತದೆ, ಸಾಧ್ಯವಿರುವವರೆಗೆ.

ಈ ಔಷಧಿಗಳು ಕಳೆದುಹೋದದ್ದನ್ನು ವಾಪಸ್ ತರುವುದಿಲ್ಲ, ಮುಂದಿನ ನಷ್ಟವನ್ನು ತಗ್ಗಿಸುತ್ತವೆ. ಹಾಗಾಗಿ ತಡಮಾಡಿದಷ್ಟೂ ಅವುಗಳಿಂದ ಸಿಗುವ ಲಾಭ ಕಡಿಮೆ. 1993ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಂಟರ್‌ಫೆರಾನ್ ಮರುಕಳಿಕೆಯನ್ನು ಸುಮಾರು ಮೂರನೇ ಒಂದು ಭಾಗ ಇಳಿಸಿತ್ತು. ಆಮೇಲೆ ಬಂದ ನಟಾಲಿಝುಮ್ಯಾಬ್ ಮೊದಲ ವರ್ಷದಲ್ಲಿ ಶೇ. 68ರಷ್ಟು. ಆದರೆ ಇದೇ ಔಷಧಿಯನ್ನು 2005ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಕೆಲವರಲ್ಲಿ ಜೆಸಿ ವೈರಸ್ ಕೆರಳಿ, ಪಿಎಂಎಲ್ ಎಂಬ ಮಾರಕ ಮಿದುಳಿನ ಸೋಂಕು ತಗುಲಿತ್ತು. ಅಪಾಯಕ್ಕೆ ಹೆದರುವವರ ಭಯ ಪೊಳ್ಳಲ್ಲ. ಆದರೆ 2006ರಲ್ಲಿ ಅದು ಕಟ್ಟುಪಾಡಿನೊಂದಿಗೆ ಮರಳಿತು. ಇಂದು ರಕ್ತ ಪರೀಕ್ಷೆಯಿಂದ ಯಾರಿಗೆ ಅಪಾಯ ಹೆಚ್ಚೆಂದು ಅಂದಾಜಿಸಿ ಅಂಥವರಿಗೆ ಬೇರೆ ಔಷಧಿ ಕೊಡಬಹುದು. ಬೆಲೆಯೂ ಸಣ್ಣ ಮಾತಲ್ಲ. ನಮ್ಮ ದೇಶದ ನರರೋಗ ತಜ್ಞರು ಬೇರೆ ಕಾಯಿಲೆಗಳಿಗೆಂದು ಬಂದ ರಿಟುಕ್ಸಿಮ್ಯಾಬ್ ಅನ್ನು ಇದಕ್ಕೂ ಬಳಸುವುದಕ್ಕೆ ಅದು ಅಗ್ಗ ಎಂಬುದೂ ಒಂದು ಕಾರಣ.

ಕೆಲವರಿಗೆ ಔಷಧಿಯಿಲ್ಲದೆಯೂ ಕಾಯಿಲೆ ಸೌಮ್ಯವಾಗಿಯೇ ಇರುತ್ತದೆ ಎನ್ನುವವರಿದ್ದಾರೆ. ನಿಜ, ಆದರೆ ಆ ಅದೃಷ್ಟವಂತರು ಯಾರೆಂದು ಆರಂಭದಲ್ಲೇ ಖಚಿತವಾಗಿ ಹೇಳಲಾಗದು. ಇಪ್ಪತ್ತು ವರ್ಷ ಕಳೆದ ಮೇಲೆ ಗೊತ್ತಾಗಿ ಏನು ಪ್ರಯೋಜನ? ಹಾಗೆಂದು ಒಮ್ಮೆ ಹಿಡಿದ ಔಷಧಿ ಜೀವನಪರ್ಯಂತ ಎಂದೂ ಅಲ್ಲ. 55 ದಾಟಿದ, ಐದು ವರ್ಷ ಮರುಕಳಿಕೆ ಕಾಣದವರ ಮೇಲೆ ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಔಷಧಿ ನಿಲ್ಲಿಸಿದವರಲ್ಲಿ ನೂರಕ್ಕೆ ಸುಮಾರು 12 ಮಂದಿಗೆ, ಮುಂದುವರಿಸಿದವರಲ್ಲಿ ಸುಮಾರು 5 ಮಂದಿಗೆ ಮರುಕಳಿಕೆಯೋ ಹೊಸ ಮಚ್ಚೆಯೋ ಕಾಣಿಸಿತು. ಆ ವಯಸ್ಸಿನಲ್ಲಿ ನಿಲ್ಲಿಸುವ ಮಾತು ಆಡಬಹುದು. ಮೂವತ್ತರಲ್ಲಿ, ಹೊಸ ಮಚ್ಚೆಗಳು ಬರುತ್ತಿರುವಾಗ, ನನ್ನ ಮಟ್ಟಿಗೆ ಉತ್ತರ ‘ತೆಗೆದುಕೊಳ್ಳಿ’ ಎಂದೇ. ಬೇಡವೆಂದು ನಿರ್ಧರಿಸಿದವರೂ ಎಂಆರ್‌ಐ ತಪ್ಪಿಸಬೇಡಿ. ಈಗಾಗಲೇ ನಟಾಲಿಝುಮ್ಯಾಬ್ ಅಥವಾ ಫಿಂಗೋಲಿಮಾಡ್ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ: ಹಠಾತ್ ಬಿಟ್ಟರೆ ಕಾಯಿಲೆ ಕೆಲವರಲ್ಲಿ ಮೊದಲಿಗಿಂತ ಜೋರಾಗಿ ಮರಳುತ್ತದೆ.