ಪೋಷಕರ ಸಭೆ: ಯಾರು ಆಡಬೇಕು, ಏನು ಆಡಬೇಕು

ಶಾಲೆಯಿಂದ ಮಗುವಿನ ಕೈಯಲ್ಲಿ ಒಂದು ಚೀಟಿ ಬರುತ್ತದೆ. ಇಲ್ಲವೆ ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ಶನಿವಾರ ಹನ್ನೊಂದು ಗಂಟೆಗೆ ಪೋಷಕರ ಸಭೆ, ತಪ್ಪದೆ ಬರತಕ್ಕದ್ದು. ತಾವು ಹೋಗುತ್ತೀರಿ. ಮುಖ್ಯೋಪಾಧ್ಯಾಯರು ಅರ್ಧ ಗಂಟೆ ಮಾತನಾಡುತ್ತಾರೆ. ಮುಂದಿನ ಸಾಲಿನ ಒಬ್ಬಿಬ್ಬರು ತಂದೆಯರು ತಮ್ಮ ಮಗನ ಅಂಕಗಳ ವಿಚಾರವನ್ನೆತ್ತುತ್ತಾರೆ. ಉಳಿದವರು ಗಡಿಯಾರ ನೋಡಿಕೊಳ್ಳುತ್ತಾರೆ. ಗೋಡೆಗೆ ಒರಗಿ ನಿಂತ ತಾಯಂದಿರು ಪುಸ್ತಕದಲ್ಲಿ ಸಹಿ ಹಾಕಿ ಮನೆಗೆ ಮರಳುತ್ತಾರೆ. ಇದಕ್ಕೆ ಸಭೆಯೆಂಬ ಹೆಸರಿದೆಯೇ ಹೊರತು ಸಭೆಯ ಲಕ್ಷಣವಿಲ್ಲ. ಒಬ್ಬರು ಆಡಿ ಹತ್ತು ಜನ ಕೇಳಿದರೆ ಅದು ಉಪನ್ಯಾಸ. ಹತ್ತು ಜನ ಆಡಿ ಹತ್ತು ಜನ ಕೇಳಿದರೆ ಸಭೆ.

ನಮ್ಮ ನಾಡಿನ ಕೆಲವು ಕಡೆ ಪಾಲಕರು ಎನ್ನುತ್ತಾರೆ, ಕೆಲವು ಕಡೆ ಪೋಷಕರು ಎನ್ನುತ್ತಾರೆ. ಪಾಲಕ ಎಂದರೆ ಕಾಯುವವನು. ಪೋಷಕ ಎಂಬುದು 'ಪುಷ್' ಧಾತುವಿನಿಂದ ಬಂದ ಮಾತು. ಪುಷ್ಟಿ ಕೊಡುವವನು ಎಂದರ್ಥ. ಮಗುವಿಗೆ ಅನ್ನವಿತ್ತು ಪುಷ್ಟಿ ಕೊಡುವ ನಾವು ಆ ಮಗು ದಿನಕ್ಕೆ ಆರು ತಾಸು ಕಳೆಯುವ ಶಾಲೆಗೂ ಪುಷ್ಟಿ ಕೊಡಬೇಕಾದವರು. ಹಣದಿಂದಲೇ ಕೊಡಬೇಕೆಂದೇನೂ ಇಲ್ಲ. ವಿಚಾರಿಸುವುದೂ ಒಂದು ಪೋಷಣೆಯೇ.

ಈ ವಿಚಾರಿಸುವ ಅಧಿಕಾರ ಇಂದು ಬರಿಯ ಸೌಜನ್ಯದ ಮಾತಾಗಿ ಉಳಿದಿಲ್ಲ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯನ್ನನುಸರಿಸಿ 2001ರಲ್ಲಿ ಕರ್ನಾಟಕ ಸರಕಾರವು ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಜನ ಅದನ್ನು ಎಸ್.ಡಿ.ಎಂ.ಸಿ. ಎಂದೇ ಕರೆಯುತ್ತಾರೆ. ಮುಂದೆ 2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆಯಾಗಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 21ನೆಯ ಕಲಮಿನ ಪ್ರಕಾರ ಇಂಥ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ರಕ್ಷಕರಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆ ನಡೆಯುವ ರೀತಿಯನ್ನು ಗಮನಿಸುವುದು, ಅಭಿವೃದ್ಧಿಯ ಯೋಜನೆ ಸಿದ್ಧಪಡಿಸುವುದು, ಬಂದ ಅನುದಾನದ ವೆಚ್ಚವನ್ನು ನೋಡುವುದು ಅದರ ಕೆಲಸ. ಕಾಯಿದೆಯು ಕುರ್ಚಿಯನ್ನೇನೋ ಕೊಟ್ಟಿತು. ಕುರ್ಚಿಯ ಮೇಲೆ ಕುಳಿತವರು ಬಾಯಿ ತೆರೆಯುವಂತೆ ಮಾಡುವುದು ಕಾಯಿದೆಯ ಕೈಯಲ್ಲಿಲ್ಲ. ಅದು ನಮ್ಮ ಕೈಯಲ್ಲಿದೆ.

ಇಲ್ಲಿ ಮೊದಲು ತಿಳಿಯಬೇಕಾದ ಒಂದು ಭೇದವಿದೆ. 'ನನ್ನ ಮಗುವಿನ ಮಾತು' ಬೇರೆ, 'ನಮ್ಮ ಶಾಲೆಯ ಮಾತು' ಬೇರೆ. ಕಾಯಿದೆಯೂ ಇವನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ಇವುಗಳನ್ನು ತಂದೆತಾಯಿಗಳಿಗೆ ಆಗಾಗ ಕರೆದು ತಿಳಿಸುವುದು 24ನೆಯ ಕಲಮಿನಂತೆ ಉಪಾಧ್ಯಾಯರ ಕರ್ತವ್ಯ. ಇದು ಉಪಾಧ್ಯಾಯರೂ ಆ ಮಗುವಿನ ಮನೆಯವರೂ ಪಕ್ಕಕ್ಕೆ ಕುಳಿತು ಆಡಬೇಕಾದ ಮಾತು. ನೂರು ಜನರ ನಡುವೆ ಒಂದು ಮಗುವಿನ ಹೆಸರು ಹೇಳಿ ಅದರ ಅಂಕಗಳನ್ನು ಓದಿದರೆ, ಆ ಮಗುವಿನ ತಾಯಿ ಮುಂದಿನ ಸಭೆಗೆ ಬರಲಾರಳು. ಹಾಗೆಯೇ ಒಬ್ಬ ಉಪಾಧ್ಯಾಯರ ಮೇಲಿನ ಸಿಟ್ಟನ್ನು ತುಂಬಿದ ಸಭೆಯಲ್ಲಿ ಕಾರಿದರೆ ಉತ್ತರ ಬರುವುದಿಲ್ಲ, ಜಗಳ ಬರುತ್ತದೆ. ಎರಡು ಮಾತುಗಳನ್ನೂ ಒಂದೇ ಪಾತ್ರೆಗೆ ಸುರಿದರೆ ಎರಡೂ ಕೆಡುತ್ತವೆ.

ಹಾಗಾದರೆ ಎಲ್ಲರೂ ಕೂಡಿ ಆಡಬೇಕಾದದ್ದೇನು? ಕಾಯಿದೆಯ ಅನುಸೂಚಿಯೇ ಇದಕ್ಕೆ ಒಳ್ಳೆಯ ಕೈಪಿಡಿ. 1ರಿಂದ 5ನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 6ರಿಂದ 8ರವರೆಗೆ 220 ದಿನ ಶಾಲೆ ನಡೆಯಬೇಕು. ಕೆಳಗಿನ ಆ ಐದು ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು, 90ರವರೆಗೆ ಮೂವರು ಬೇಕು. ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಶೌಚಾಲಯ, ಶುದ್ಧವಾದ ಕುಡಿಯುವ ನೀರು, ಆಟದ ಬಯಲು, ಸುತ್ತಲೂ ಗೋಡೆ ಅಥವಾ ಬೇಲಿ ಇರಬೇಕು. ಸಭೆಯಲ್ಲಿ ಒಬ್ಬರು ಇವನ್ನು ಒಂದೊಂದಾಗಿ ಓದಲಿ. ನಮ್ಮ ಶಾಲೆಯಲ್ಲಿ ಇದೆಯೆ, ಇಲ್ಲವೆ ಎಂದು ಉಳಿದವರು ಹೇಳಲಿ. "ಶಾಲೆ ಸರಿಯಿಲ್ಲ" ಎಂಬ ಮಾತಿಗೆ ಯಾರೂ ಏನೂ ಮಾಡಲಾರರು. "ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ" ಎಂಬ ಮಾತಿಗೆ ಮರುದಿನವೇ ಬಡಗಿಯನ್ನು ಕರೆಯಬಹುದು. ಚಿಲಕವಿಲ್ಲದ ಕಾರಣಕ್ಕೆ ಎಷ್ಟು ಹುಡುಗಿಯರು ದಿನವೆಲ್ಲ ನೀರು ಕುಡಿಯದೆ ಇರುತ್ತಾರೆಂಬುದು ತಾಯಂದಿರಿಗೆ ಗೊತ್ತು, ಮುಖ್ಯೋಪಾಧ್ಯಾಯರಿಗೆ ಗೊತ್ತಿರಲಾರದು. ಆ ತಾಯಿ ಆಡದಿದ್ದರೆ ನಷ್ಟ ಯಾರಿಗೆ?

ಆದ್ದರಿಂದ, ಸುಮ್ಮನಿರುವವರು ಆಡುವಂತೆ ಮಾಡುವುದೇ ಸಭೆ ನಡೆಸುವವರ ಮುಖ್ಯ ವಿದ್ಯೆ. ಅದಕ್ಕೆ ಕೆಲವು ಸುಲಭೋಪಾಯಗಳುಂಟು. ಸಭೆಯ ಹೊತ್ತನ್ನು ಶಾಲೆಗೆ ಅನುಕೂಲವಾಗುವಂತೆ ಅಲ್ಲ, ದುಡಿಯುವವರಿಗೆ ಅನುಕೂಲವಾಗುವಂತೆ ಗೊತ್ತುಮಾಡಬೇಕು. ಹನ್ನೊಂದು ಗಂಟೆಯ ಸಭೆಯೆಂದರೆ ಕೂಲಿಯವನಿಗೆ ಒಂದು ದಿನದ ಸಂಬಳ ಹೋದಂತೆ. ಮುಂದಿನ ಸಾಲು, ಹಿಂದಿನ ಸಾಲು ಎಂಬುದು ಬೇಡ. ಜಮಖಾನೆ ಹಾಸಿ ದುಂಡಗೆ ಕುಳಿತರೆ ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ದೊಡ್ಡ ಸಭೆಯಲ್ಲಿ ಅಂಜುವವರು ಐದಾರು ಜನರ ಗುಂಪಿನಲ್ಲಿ ಅಂಜುವುದಿಲ್ಲ. ಮೊದಲು ಕಾಲು ಗಂಟೆ ಹಾಗೆ ಗುಂಪಾಗಿ ಮಾತಾಡಿ, ಅನಂತರ ಗುಂಪಿಗೊಬ್ಬರಂತೆ ಹೇಳಿದರೆ ಯಾರ ಮಾತೂ ಉಳಿದುಹೋಗುವುದಿಲ್ಲ. ಒಮ್ಮೆ ಆಡಿದವರು, ಉಳಿದವರೆಲ್ಲ ಆಡುವವರೆಗೆ ಎರಡನೆಯ ಸಲ ಆಡಬಾರದೆಂಬ ಕಟ್ಟಳೆ ಇದ್ದರೆ ಇನ್ನೂ ಒಳ್ಳೆಯದು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದರು ಹಿರಿಯರು. ಸರದಿ ಬಲ್ಲ ಸಭೆಗೂ ಜಗಳವಿಲ್ಲ.

ಆಡಿದ್ದನ್ನು ಬರೆದಿಡಬೇಕು, ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ನಡವಳಿ ಪುಸ್ತಕದಲ್ಲಿ ಏನಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಆ ಹೆಬ್ಬೆಟ್ಟಿಗೆ ಮಾಡುವ ಅವಮಾನ. ನಿರ್ಣಯವೆಂದರೆ ಮೂರು ಸಂಗತಿಗಳಿರಬೇಕು: ಏನು ಮಾಡುವುದು, ಯಾರು ಮಾಡುವುದು, ಯಾವ ದಿನದೊಳಗೆ ಮಾಡುವುದು. ಮುಂದಿನ ಸಭೆಯ ಮೊದಲ ಮಾತು ಹಿಂದಿನ ಸಭೆಯ ನಿರ್ಣಯಗಳ ಗತಿಯೇನಾಯಿತೆಂಬುದೇ ಆಗಿರಲಿ. ತಮ್ಮ ಮಾತಿನಿಂದ ಒಂದು ಚಿಲಕ ಬಂದಿತೆಂದು ಕಂಡವರು ಎರಡನೆಯ ಸಭೆಗೆ ಕರೆಯದೆಯೇ ಬರುತ್ತಾರೆ.

ಈ ಅಂಕಣವನ್ನೋದುವ ಹಲವರ ಮಕ್ಕಳು ಪಟ್ಟಣದ ಖಾಸಗಿ ಶಾಲೆಗಳಲ್ಲಿ ಓದುತ್ತಿರಬಹುದು. ಸರಕಾರದ ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಮೇಲೆ ಹೇಳಿದ 21ನೆಯ ಕಲಮು ಅನ್ವಯಿಸುವುದಿಲ್ಲ. ಹೆಚ್ಚು ಶುಲ್ಕ ತೆರುವವರಿಗೆ ಆ ಕಲಮು ಕೊಡುವ ಕುರ್ಚಿಯಿಲ್ಲ! ಅಂಥ ಕಡೆ ಪೋಷಕರು ತಾವೇ ಮುಂದಾಗಿ, ವರ್ಷಾರಂಭದಲ್ಲಿಯೇ ಮುಖ್ಯೋಪಾಧ್ಯಾಯರನ್ನು ಕಂಡು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಕೂಡುವ ಏರ್ಪಾಡು ಮಾಡಿಕೊಳ್ಳಬೇಕು. ಶುಲ್ಕ ಏರಿದ ದಿನ ಮಾತ್ರ ಗೇಟಿನ ಮುಂದೆ ಸೇರುವವರನ್ನು ಆಡಳಿತದವರು ಗುಂಪೆನ್ನುತ್ತಾರೆ. ವರ್ಷವೆಲ್ಲ ಕೂಡಿ ಮಾತಾಡಿದವರನ್ನು ಪೋಷಕರೆನ್ನುತ್ತಾರೆ.

ಪೋಷಕರಿಗೆ ಬಾಯಿ ಕೊಟ್ಟರೆ ನಮ್ಮ ಮರ್ಯಾದೆ ಉಳಿಯುವುದೆ ಎಂದು ನನ್ನ ವೃತ್ತಿಬಾಂಧವರಲ್ಲಿ ಕೆಲವರು ಶಂಕಿಸುವುದುಂಟು. ಉಪಾಧ್ಯಾಯರ ಕೊರತೆಯಿದೆಯೆಂದು ಮುಖ್ಯೋಪಾಧ್ಯಾಯರೊಬ್ಬರೇ ಬರೆದ ಅರ್ಜಿ ಕಚೇರಿಯಲ್ಲಿ ಕಡತದ ನಡುವೆ ಮಲಗೀತು. ಅದೇ ಮಾತನ್ನು ಎಂಬತ್ತು ತಂದೆತಾಯಿಗಳು ಸಹಿ ಹಾಕಿ ಕೇಳಿದರೆ ಅಷ್ಟು ಸುಲಭವಾಗಿ ನಿದ್ದೆ ಹೋಗದು. ಪೋಷಕರ ಬಾಯಿ ಶಾಲೆಯ ಬಲವೂ ಹೌದು. ಮುಂದಿನ ಸಭೆಗೆ ತಾವು ಹೋಗುವಾಗ ಒಂದು ಪ್ರಶ್ನೆಯನ್ನು ಮನೆಯಲ್ಲಿಯೇ ಬರೆದುಕೊಂಡು ಹೋಗಿ. ಅದು ತಮ್ಮ ಮಗುವಿನದಷ್ಟೇ ಆಗಿರದೆ, ಅದರ ಪಕ್ಕದಲ್ಲಿ ಕೂರುವ ಮಗುವಿನದೂ ಆಗಿರಲಿ.