ಎಣ್ಣೆಯ ತೂಕವೂ ಲೀಟರಿನ ಲೆಕ್ಕವೂ

ಕೊಚ್ಚಿಯ ಪೇಟೆಯಲ್ಲಿ ತೆಂಗಿನೆಣ್ಣೆಯ ಸಗಟು ಧಾರಣೆಯನ್ನು ಕ್ವಿಂಟಾಲಿನ ಲೆಕ್ಕದಲ್ಲಿ ಹೇಳುತ್ತಾರೆ. ಅದೇ ಎಣ್ಣೆ ತಿರುವನಂತಪುರದ ಗೃಹಿಣಿಯ ಕೈ ಸೇರುವಾಗ ಲೀಟರಿನ ಪೊಟ್ಟಣವಾಗಿರುತ್ತದೆ. ಆಕೆಯ ಮನೆಯಲ್ಲಿ ಹೃದ್ರೋಗಿಯಿದ್ದರೆ ವೈದ್ಯರು ಪಥ್ಯ ಹೇಳುವುದು ಗ್ರಾಮಿನಲ್ಲಿ. ಒಲೆಯ ಬಳಿ ನಡೆಯುವುದು ಮಾತ್ರ ಚಮಚದ ಅಳತೆ. ನಮ್ಮಲ್ಲಿ ಹಿಂದೆ ಸೇರು ಎಂಬ ಒಂದೇ ಮಾತು ತೂಕಕ್ಕೂ ಅಳತೆಗೂ ಸಲ್ಲುತ್ತಿದ್ದುದರಿಂದಲೋ ಏನೋ, ಲೀಟರೂ ಕಿಲೋವೂ ಒಂದೇ ಎಂಬ ಭಾವನೆ ಇನ್ನೂ ಅಳಿದಿಲ್ಲ.

ನೀರಿನ ಮಟ್ಟಿಗೆ ಅದು ಬಹುತೇಕ ನಿಜ. ಎಣ್ಣೆಯಾದರೋ ನೀರಿಗಿಂತ ಹಗುರ, ತೇಲುವುದು ಅದರಿಂದಲೇ. ತೆಂಗು, ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ, ಯಾವುದೇ ಎಣ್ಣೆಯಾಗಲಿ, ಒಂದು ಲೀಟರು ಸುಮಾರು 910ರಿಂದ 920 ಗ್ರಾಂ ತೂಗುತ್ತದೆ. ಹನ್ನೆರಡು ಲೀಟರಿಗೆ ಹನ್ನೊಂದು ಕಿಲೋ ಎಂದು ನೆನಪಿಟ್ಟರೆ ಮನೆಯ ಲೆಕ್ಕಕ್ಕೆ ಧಾರಾಳವಾಗಿ ಸಾಕು.

ಬೆಲೆಯನ್ನು ಹೋಲಿಸುವಾಗ ಲೀಟರಿನ ದರಕ್ಕೆ ಅದರ ಹನ್ನೊಂದನೆಯ ಒಂದು ಪಾಲನ್ನು ಕೂಡಿಸಬೇಕು. ಲೀಟರಿಗೆ 440 ರೂಪಾಯಿ ಎಂದರೆ ಕಿಲೋಗೆ 480 ಆಯಿತು. ಗಾಣದವನು ಕಿಲೋಗೆ 460 ಕೇಳಿದರೆ ದುಬಾರಿಯಂತೆ ತೋರಿದರೂ ಅವನದೇ ಅಗ್ಗ. 2025ರಲ್ಲಿ ಕೇರಳದಲ್ಲಿ ತೆಂಗಿನೆಣ್ಣೆಯ ಬೆಲೆ 400 ರೂಪಾಯಿಯನ್ನು ದಾಟಿದಾಗ ಈ ಅಂತರ ಕಡೆಗಣಿಸುವಂಥದಾಗಿರಲಿಲ್ಲ.

ಇನ್ನು ಉಷ್ಣತೆಯ ಮಾತು. ಕಾದಷ್ಟೂ ಎಣ್ಣೆ ಹಿಗ್ಗುತ್ತದೆ, ತೂಕ ಬದಲಾಗದು. ಒಂದು ಲೀಟರು ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಕೆಲವು ತಯಾರಕರು ಈ 60 ಡಿಗ್ರಿಯ ಲೀಟರನ್ನೇ ಪೊಟ್ಟಣದ ಮೇಲೆ ನಮೂದಿಸುತ್ತಿದ್ದರು. ಅಷ್ಟು ಬಿಸಿಯಾದ ಎಣ್ಣೆಯನ್ನು ಅಂಗಡಿಯಿಂದ ಯಾರು ತರುತ್ತಾರೆ? ಉಷ್ಣತೆಯನ್ನು ಕಾಣಿಸದೆ ಲೀಟರನ್ನೂ ಜೊತೆಗೆ ತೂಕವನ್ನೂ ಮುದ್ರಿಸಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಸೂಚಿಸಿ, 2023ರ ಜನವರಿ 15ರವರೆಗೆ ಕಾಲಾವಕಾಶ ನೀಡಿತು. ಆದುದರಿಂದ ಕೊಳ್ಳುವವರು ನೋಡಬೇಕಾದುದು ಗ್ರಾಮಿನ ಅಂಕಿಯನ್ನು.

ತೆಂಗಿನೆಣ್ಣೆ ಸುಮಾರು 24-25 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಕೊಚ್ಚಿಯಲ್ಲಿ ಇದು ಅಪರೂಪ. ಅಲ್ಲಿಂದ ಬೆಂಗಳೂರಿನ ಬಂಧುಗಳಿಗೆ ಒಯ್ದ ಸೀಸೆ ಡಿಸೆಂಬರಿನಲ್ಲಿ ಗಟ್ಟಿಯಾಗಿ, ಮಟ್ಟ ಇಳಿದಂತೆ ಕಾಣುತ್ತದೆ. ಎಣ್ಣೆ ಸೋರಿಲ್ಲ, ತೂಕವೂ ತಗ್ಗಿಲ್ಲ. ಗಟ್ಟಿ ಎಣ್ಣೆಯನ್ನು ಚಮಚದಲ್ಲಿ ರಾಶಿಯಾಗಿ ತೆಗೆಯುವುದು ಸುಲಭವಾದ ಕಾರಣ, ಕರಗಿಸಿಯೇ ಅಳೆಯತಕ್ಕದ್ದು.

ಪಥ್ಯದವರಿಗೆ ಈ ಲೆಕ್ಕ ಹೆಚ್ಚು ಮುಖ್ಯ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿಗಳಿವೆ. ಐದು ಮಿಲಿಲೀಟರಿನ ಚಮಚದಲ್ಲಿ ಹಿಡಿಯುವುದು ಸುಮಾರು 4.6 ಗ್ರಾಂ. ವೈದ್ಯರು ದಿನಕ್ಕೆ 20 ಗ್ರಾಂ ಎಂದಿದ್ದರೆ ಅದು 22 ಮಿಲಿಲೀಟರು, ಅಂದರೆ ನಾಲ್ಕು ಚಮಚಕ್ಕಿಂತ ತುಸು ಹೆಚ್ಚು. ತಿಂಗಳಿಗೆ 600 ಗ್ರಾಂ, ಸುಮಾರು 655 ಮಿಲಿಲೀಟರು. ಮನೆಯ ಚಮಚಗಳು ಒಂದರಂತೆ ಒಂದಿರವು. ಔಷಧದ ಸೀಸೆಯೊಂದಿಗೆ ಬರುವ ಗೆರೆಯುಳ್ಳ ಮುಚ್ಚಳದಿಂದ ಒಮ್ಮೆ ಪರೀಕ್ಷಿಸಿಕೊಳ್ಳುವುದು ಲೇಸು. ತಿಂಗಳ ಮೊದಲ ದಿನ ಆ ರೋಗಿಯ ಪಾಲನ್ನು ಬೇರೆ ಸೀಸೆಯಲ್ಲಿ ಅಳೆದಿಟ್ಟರೆ ದಿನದಿನದ ತೊಡಕಿಲ್ಲ.

ಸೀಸೆಯ ಲೆಕ್ಕಕ್ಕೆ ಸಿಗದ ಎಣ್ಣೆಯೂ ಉಂಟು. ಹಸಿ ತೆಂಗಿನ ತುರಿಯಲ್ಲಿ ಮೂರನೆಯ ಒಂದು ಪಾಲಿನಷ್ಟು ಕೊಬ್ಬೇ ಇರುವುದರಿಂದ, ಅವಿಯಲ್ ಮಾಡಿದ ದಿನ ಆ ತುರಿಯನ್ನೂ ತೂಗಿ ವೈದ್ಯರಿಗೆ ತಿಳಿಸಬೇಕಾಗುತ್ತದೆ.