ಅಜ್ಜಯ್ಯನ ಊರಿನ ಹೊಲದ ಬದುವಿನಲ್ಲಿ

ಅಮಾವಾಸ್ಯೆ ಬಂದಿತೆಂದರೆ ತುಂಗಭದ್ರೆಯ ತಡಿಯ ಈ ಪುಟ್ಟ ಗ್ರಾಮವು ಒಂದೇ ಇರುಳಿನಲ್ಲಿ ಪಟ್ಟಣದ ಗಾತ್ರವನ್ನು ತಾಳುತ್ತದೆ. ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿಗೆ ಸೇರಿದ ಉಕ್ಕಡಗಾತ್ರಿಯು ನಾಡಿಗೆ ಪರಿಚಿತವಾಗಿರುವುದು ಕರಿಬಸವೇಶ್ವರರ ಗದ್ದುಗೆಯಿಂದ. ಭಕ್ತರ ಬಾಯಲ್ಲಿ ಅದು ಸುಮ್ಮನೆ ‘ಅಜ್ಜಯ್ಯನ ಸನ್ನಿಧಿ’. ಗಾಳಿ ಸೋಂಕಿತೆಂದು ನಂಬಿದವರೂ, ಮನೋವ್ಯಾಧಿಯಿಂದ ಬಳಲಿದವರೂ, ಅವರನ್ನು ಕರೆತಂದ ಬಂಧುಗಳೂ ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿಯೇ ಗದ್ದುಗೆಯತ್ತ ನಡೆಯುವರು.

ಜನಸಂದಣಿಯು ಕರಗಿದ ಮೇಲೆ ಉಳಿಯುವ ಉಕ್ಕಡಗಾತ್ರಿಯು ಹೊಳೆಸಾಲಿನ ಒಂದು ಒಕ್ಕಲುತನದ ಊರು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹರಿದುಬರುವ ಈ ನದಿಯು ತುಂಬಿದಾಗ ದಡದ ಹೊಲಗದ್ದೆಗಳನ್ನು ನುಂಗುವುದುಂಟು. ಬತ್ತಿದಾಗ ಪಂಪುಸೆಟ್ಟಿನ ಪೈಪುಗಳು ನೀರನ್ನರಸಿ ಮರಳಿನ ನಡುವಿಗೆ ಸರಿಯುವುದುಂಟು. ಇದೇ ತಾಲ್ಲೂಕಿನ ಮಲೇಬೆನ್ನೂರಿನ ಸುತ್ತಣ ಭತ್ತದ ಬಯಲಿಗೆ ಭದ್ರಾ ನಾಲೆಯೇ ಆಧಾರವಾಗಿರುವುದರಿಂದ, ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನೀರು 186 ಅಡಿಯ ಪೂರ್ಣಮಟ್ಟವನ್ನು ಮುಟ್ಟಿತೇ, ಮುಟ್ಟಿದರೂ ನಾಲೆಯ ಕೊನೆಭಾಗಕ್ಕೆ ತಲುಪೀತೇ ಎಂಬುದೇ ಮಳೆಗಾಲದುದ್ದಕ್ಕೂ ಈ ಸೀಮೆಯ ಕಟ್ಟೆಗಳ ಮೇಲಣ ಮಾತು.

ಇಂತಹ ನೆಲದಲ್ಲಿ ಹುಟ್ಟಿದ ತರುಣನು, ಭಕ್ತರನ್ನು ತಂದಿಳಿಸಿದ ಬಸ್ಸನ್ನೇ ಹತ್ತಿ ಊರು ಬಿಡುತ್ತಾನೆ. ‘ಬೇಸಾಯ, ನಾ ಸಾಯ, ನೀ ಸಾಯ, ಮನೆಮಂದಿಯೆಲ್ಲ ಸಾಯ’ ಎಂಬ ಗಾದೆಯನ್ನು ಹಡೆದವರ ಬಾಯಿಂದಲೇ ಕೇಳಿ ಬೆಳೆದವನು ಅವನು. ಒಕ್ಕಲುತನದ ವರನಿಗೆ ಹೆಣ್ಣು ಕೊಡುವವರಿಲ್ಲವೆಂಬ ಅಳಲಂತೂ 2023ರಲ್ಲಿ ಮಂಡ್ಯ ಸೀಮೆಯ ಅವಿವಾಹಿತ ಯುವಕರನ್ನು ಮಲೆ ಮಹದೇಶ್ವರ ಬೆಟ್ಟದವರೆಗೆ ಪಾದಯಾತ್ರೆ ಮಾಡಿಸಿತು. ಪಟ್ಟಣದ ನೆರಳಾದರೂ ಶಾಶ್ವತವೇ? ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದನ್ನು ತಂದುಕೊಟ್ಟ ಹತ್ತಿ ಗಿರಣಿಗಳು ಒಂದೊಂದಾಗಿ ಕದವಿಕ್ಕಿದುವು. 1941ರಲ್ಲಿ ಸ್ಥಾಪಿತವಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು.

ಹಾಗಾದರೆ ಹೊಲದಲ್ಲಿಯೇ ಉಳಿಯುವವನಿಗೆ ಆಸರೆ ಯಾವುದು? ಬೇಸಾಯವನ್ನು ವಿದ್ಯೆಯೆಂದು ಬಗೆದು ತರುಣರಿಗೆ ಕಲಿಸುವ ಯತ್ನವು ನಮ್ಮಲ್ಲಿ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, 1913ರಷ್ಟು ಹಿಂದೆಯೇ, ಹೆಬ್ಬಾಳದಲ್ಲಿ ಕೃಷಿ ಶಾಲೆಯು ತೆರೆಯಿತು. ಇಂದು ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತಂಗಿ, ರೈತರೊಡನೆ ಗದ್ದೆಗಿಳಿಯುವ ‘ಗ್ರಾಮೀಣ ಕೃಷಿ ಕಾರ್ಯಾನುಭವ’ವೂ ಇದೆ. ಇವೆಲ್ಲವೂ ಉಪಕಾರಕವೇ ಸರಿ. ಆದರೆ ತರಬೇತಿಯು ಕೆಲವು ದಿನಗಳದು, ಭತ್ತವು ನಾಲ್ಕು ತಿಂಗಳದು; ನಾಟಿಯಾದ ಮೇಲೆ ಬೆಂಕಿರೋಗದ ಚುಕ್ಕೆ ಕಂಡ ದಿನ, ಬುಡದಲ್ಲಿ ಕಂದು ಜಿಗಿಹುಳು ಸೇರಿದ ದಿನ, ಹುಡುಗನೊಡನೆ ಬದುವಿನ ಮೇಲೆ ನಿಲ್ಲುವವರಾರು ಎಂಬುದೇ ಪ್ರಶ್ನೆ.

ಉತ್ತರವು ಸಸಿಮಡಿಗೆ ಮುಂಚಿನ ಒಂದು ಸಣ್ಣ ಕೆಲಸದಲ್ಲಿದೆ. ಬಕೆಟ್ಟಿನ ನೀರಿಗೆ, ಕೋಳಿಮೊಟ್ಟೆ ತೇಲುವಷ್ಟು ಉಪ್ಪನ್ನು ಕದಡುತ್ತಾರೆ. ಮೊಟ್ಟೆ ಮುಟ್ಟದ ಮನೆಯಾದರೆ ಆಲೂಗಡ್ಡೆಯಾದರೂ ಆದೀತು. ಅದರಲ್ಲಿ ಬಿತ್ತನೆಯ ಭತ್ತವನ್ನು ಸುರಿದೊಡನೆ ಜೊಳ್ಳೂ ಅರೆತುಂಬಿದ ಕಾಳೂ ಮೇಲೇಳುತ್ತವೆ, ಗಟ್ಟಿ ಕಾಳು ತಳ ಸೇರುತ್ತದೆ. ‘ತೇಲಿದ್ದನ್ನ ಚೆಲ್ಲಪ್ಪಾ, ಮುಳುಗಿದ್ದೇ ಬೀಜ’ ಎನ್ನುವ ಹಿರಿಯನ ಮಾತಿನಲ್ಲಿ, ಒಕ್ಕಲುತನಕ್ಕಿಳಿದವನು ಮುಳುಗಿಹೋದನೆಂದು ಮರುಗುವ ಊರಿಗೂ ಒಂದು ಉತ್ತರವುಂಟು. ಹಾಗೆಂದು ಮುಳುಗಿದ ಕಾಳನ್ನು ಉಪ್ಪುನೀರಿನಲ್ಲಿಯೇ ಬಿಟ್ಟರೆ ಅದು ಮೊಳೆಯದು. ತೆಗೆದು, ಸಿಹಿನೀರಿನಲ್ಲಿ ಎರಡು ಸಲವಾದರೂ ತೊಳೆಯಬೇಕು. ಹೊಲದಲ್ಲಿ ಉಳಿದ ಹುಡುಗನಿಗೂ ಬೇಕಾದದ್ದು, ಆ ಎರಡು ಸಲದ ನೀರನ್ನು ಮರೆಯದೆ ಹೊಯ್ಯುವ ಕೈ.